ವಾಹನದ ಗಾಲಿಗಳ ಸಮತೋಲ: ನಾವೇ ಅಳೆದು ಸರಿಪಡಿಸುವ ಬಗೆ

(ಹಂಗಾಮಿಗೆ ಮುಂಚಿನ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಬೀಜ, ಗೊಬ್ಬರ, ಕೂಳೆ ಕಬ್ಬಿನ ಆರೈಕೆ ಇವುಗಳ ಬಗ್ಗೆ ಮಾತಾಡುವುದು ರೂಢಿ. ಈ ಸಲ ಗಾಲಿಯ ಬಗ್ಗೆ ಮಾತಾಡುತ್ತೇನೆಂದಾಗ ನಮ್ಮ ಕಚೇರಿಯಲ್ಲಿಯೇ ಕೆಲವರು ನಕ್ಕರು. ಕಬ್ಬಿನ ಅಧಿಕಾರಿಗೆ ಗಾಲಿಯ ಗೊಡವೆ ಏಕೆ ಎಂದು ನೀವೂ ಕೇಳಬಹುದು. ಕಬ್ಬು ಹೊಲದಲ್ಲಿ ನಿಂತಿರುವವರೆಗೆ ಅದು ಬೇಸಾಯದ ವಿಷಯ. ಕಡಿದ ಕ್ಷಣದಿಂದ ಅದು ಸಾಗಾಣಿಕೆಯ ವಿಷಯ. ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟು ಹೊತ್ತು ಅದರ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ತೂಕ ಇಳಿದರೆ ನಷ್ಟ ನಿಮ್ಮದು, ಸಕ್ಕರೆ ಇಳಿದರೆ ಕಾರಖಾನೆಯದು. ಕಾರಖಾನೆಯೂ ನಿಮ್ಮದೇ ಆದ್ದರಿಂದ ಎರಡೂ ನಷ್ಟ ನಿಮ್ಮ ಲೆಕ್ಕಕ್ಕೇ ಬರುತ್ತವೆ. ಹಂಗಾಮಿನಲ್ಲಿ ರಸ್ತೆಯ ಬದಿಗೆ ಒಂದು ಗಾಲಿ ಕಳಚಿ, ಒಂದೇ ಮಗ್ಗುಲಿಗೆ ವಾಲಿ ನಿಂತ ಕಬ್ಬಿನ ಟ್ರೇಲರನ್ನು ನೋಡದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ.

ಇನ್ನೊಂದು ಕಾರಣವೂ ಉಂಟು. ಈಗ ನಮ್ಮ ಅನೇಕ ಸದಸ್ಯರ ಮನೆಯಲ್ಲಿ ಟ್ರ್ಯಾಕ್ಟರಿನ ಜೊತೆಗೆ ಜೀಪು ಇಲ್ಲವೆ ಪಿಕಪ್ ಗಾಡಿ ಇದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಅಂದಿನ ಬಳಕೆ ಇಂದಿಗೂ ಬಿಟ್ಟಿಲ್ಲ. ಸಂತೆ, ಸಂಬಂಧ, ಆಸ್ಪತ್ರೆ ಎಂದು ನಮ್ಮ ಗಾಡಿಗಳು ಬೀದರ, ಬಸವಕಲ್ಯಾಣಗಳ ಕಡೆಗೆ ಓಡುತ್ತಲೇ ಇರುತ್ತವೆ. ಉಮರ್ಗಾದವರ ಮನೆ ಮುಂದೆಯೇ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಾದುಹೋಗಿದೆ. ಹೊಲದ ದಾರಿಯಲ್ಲಿ ಹದಿನೈದು ಕಿಲೋಮೀಟರಿನ ವೇಗದಲ್ಲಿ ನಡೆಯುವ ಅದೇ ಗಾಡಿ ಹೆದ್ದಾರಿ ಹತ್ತಿದ ಕೂಡಲೇ ಎಂಬತ್ತರಲ್ಲಿ ಓಡುತ್ತದೆ. ಹೊಲದ ದಾರಿಯಲ್ಲಿ ಗೊತ್ತೇ ಆಗದ ದೋಷ ಅಲ್ಲಿ ಸ್ಟೇರಿಂಗನ್ನು ನಡುಗಿಸುತ್ತದೆ.

ಗಾಲಿಯ ಅಸಮ ಭಾರ ಎಂದರೇನು? ಗಾಲಿ ದುಂಡಗಿದ್ದರೆ ಸಾಲದು, ಅದರ ಭಾರ ನಡುವಿನ ಸುತ್ತ ಎಲ್ಲ ಕಡೆಗೂ ಸಮನಾಗಿ ಹಂಚಿರಬೇಕು. ಒಂದು ಕಡೆ ಐವತ್ತು ಗ್ರಾಂ ಹೆಚ್ಚಿದ್ದರೂ ಗಾಲಿ ತಿರುಗುವಾಗ ಆ ಕಡೆ ಹೊರಕ್ಕೆ ಜಗ್ಗುತ್ತದೆ. ಕವಣೆ ಬೀಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಚಿಕ್ಕದಾದರೂ ಬೀಸಿದಷ್ಟೂ ಕೈಯನ್ನು ಜಗ್ಗುತ್ತದೆ. ಇಲ್ಲಿ ನೆನಪಿಡತಕ್ಕ ಸಂಗತಿ ಏನೆಂದರೆ, ವೇಗ ಎರಡು ಪಟ್ಟಾದರೆ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ, ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟಾಗುತ್ತದೆ.

ಲೆಕ್ಕ ಮಾಡಿ ನೋಡೋಣ. ಸಾಮಾನ್ಯ ಪಿಕಪ್ ಗಾಡಿಯ ಗಾಲಿಗೆ, ರಿಮ್ಮಿನ ಅಂಚಿನಲ್ಲಿ, ಒಂದು ಕಡೆ 50 ಗ್ರಾಂ ಹೆಚ್ಚು ಭಾರವಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅದು ಜಗ್ಗುವ ಬಲ ಕಾಲು ಕಿಲೋ. ಯಾರಿಗೂ ತಿಳಿಯುವುದಿಲ್ಲ. 40ರಲ್ಲಿ ಒಂದು ಕಿಲೋ. 80ರಲ್ಲಿ ನಾಲ್ಕು ಕಿಲೋ. ಅಂದರೆ ನಾಲ್ಕು ಕಿಲೋ ಬಲದ ಪೆಟ್ಟು ಸೆಕೆಂಡಿಗೆ ಸುಮಾರು ಹತ್ತು ಸಲ ಬೀಳುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಅದು ಎಷ್ಟು ಸಾವಿರ ಪೆಟ್ಟಾಯಿತು ಎಂಬುದನ್ನು ನೀವೇ ಲೆಕ್ಕ ಹಾಕಿ. ಆ ಪೆಟ್ಟು ತಿನ್ನುವುದು ಬೇರಿಂಗು, ಸ್ಟೇರಿಂಗಿನ ಕೀಲುಗಳು, ಶಾಕ್ ಅಬ್ಸಾರ್ಬರು, ಕೊನೆಗೆ ಟೈರು. ಟೈರಿನ ಮೈಮೇಲೆ ಅಲ್ಲಲ್ಲಿ ಗುಂಡಿಯಂತೆ ಸವೆದಿದ್ದರೆ ಈ ಕಾರಣವನ್ನು ಸಂಶಯಿಸಬೇಕು.

ಒಂದು ವಿಚಿತ್ರವೂ ಉಂಟು. ಕೆಲವು ಗಾಡಿಗಳು ಅರವತ್ತರಿಂದ ಎಪ್ಪತ್ತರವರೆಗೆ ನಡುಗುತ್ತವೆ, ಇನ್ನೂ ಜೋರು ಮಾಡಿದರೆ ನಡುಕ ತಗ್ಗುತ್ತದೆ. ಗಾಡಿಯ ಮುಂಭಾಗಕ್ಕೆ ಅದರದೇ ಆದ ತೂಗಾಟದ ಲಯವಿರುತ್ತದೆ. ಗಾಲಿಯ ಪೆಟ್ಟು ಆ ಲಯಕ್ಕೆ ಕೂಡಿದಾಗ ನಡುಕ ಹೆಚ್ಚು, ಲಯ ದಾಟಿದಾಗ ಕಡಿಮೆ. ನಮ್ಮ ಹುಡುಗರು ಇದನ್ನೇ ಉಪಾಯ ಮಾಡಿಕೊಂಡಿದ್ದಾರೆ: ನಡುಗಿದರೆ ಇನ್ನಷ್ಟು ಜೋರು ಬಿಡು. ನಡುಕ ಕಾಣದಾಯಿತೇ ವಿನಾ ಬಲ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮಕ್ಕಳಿಗೆ ಇದನ್ನು ಮನೆಯಲ್ಲಿ ಕೂರಿಸಿ ಹೇಳಿರಿ.

ಇನ್ನು ಕಾರಣಗಳು. ಹೊಸ ಟೈರಿನಲ್ಲಿಯೂ ಸ್ವಲ್ಪ ಅಸಮ ಭಾರ ಇದ್ದೇ ಇರುತ್ತದೆ. ಆದರೆ ನಮ್ಮ ಭಾಗದ ದೊಡ್ಡ ಕಾರಣ ನಮ್ಮ ಎರೆ ಮಣ್ಣು. ಮಳೆಯಲ್ಲಿ ಇಲ್ಲವೆ ನೀರು ಬಿಟ್ಟ ಹೊಲದಲ್ಲಿ ಗಾಡಿ ಹೋಗಿ ಬಂದರೆ ರಿಮ್ಮಿನ ಒಳಮಗ್ಗುಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ರಾತ್ರಿ ಗಾಡಿ ನಿಂತಾಗ ಹಸಿ ಮಣ್ಣು ಜಾರಿ ಕೆಳಭಾಗದಲ್ಲಿ ಗುಡ್ಡೆಯಾಗಿ ಒಣಗುತ್ತದೆ, ಬೆಳಿಗ್ಗೆ ಇಟ್ಟಿಗೆಯಂತೆ ಗಟ್ಟಿ. ಹೊರಗಿನಿಂದ ನೋಡಿದವರಿಗೆ ಗಾಲಿ ತೊಳೆದಂತೆಯೇ ಕಾಣುತ್ತದೆ. ಕೈ ಹಾಕಿ ಒಳಗಿನಿಂದ ಕೆರೆದರೆ ಅರ್ಧ ಕಿಲೋ ಮಣ್ಣು ಉದುರುವುದು ಅಪರೂಪವಲ್ಲ. ಐವತ್ತು ಗ್ರಾಮಿನ ಲೆಕ್ಕ ಈಗಷ್ಟೇ ಕೇಳಿದಿರಿ. ಅರ್ಧ ಕಿಲೋ ಎಂದರೆ ಅದರ ಹತ್ತು ಪಟ್ಟು. ಆದುದರಿಂದ ಯಾವ ಮಿಸ್ತ್ರಿಯ ಬಳಿ ಹೋಗುವ ಮುಂಚೆಯೂ ಒಂದು ಕೊಡ ನೀರು, ಒಂದು ಕುರ್ಪಿ ತೆಗೆದುಕೊಂಡು ಗಾಲಿಯ ಒಳಮೈ ಕೆರೆಯಿರಿ. ಅರ್ಧಕ್ಕರ್ಧ ದೂರು ಅಲ್ಲಿಯೇ ಮುಗಿದರೂ ಆಶ್ಚರ್ಯವಿಲ್ಲ.

ಎರಡನೆಯದು ಗೇಟರು. ಸೀಳಿದ ಟೈರಿಗೆ ಒಳಗಿನಿಂದ ಹಳೆಯ ಟೈರಿನ ತುಂಡು ಕೂರಿಸಿ ಓಡಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಅದು ಕೂತ ಕಡೆ ಭಾರ. ಟ್ರೇಲರಿಗೆ ಹಾಕಿದರೆ ಹಾಕಿರಿ, ಪಿಕಪ್ ಗಾಡಿಯ ಮುಂದಿನ ಗಾಲಿಗೆ ಗೇಟರ್ ಹಾಕಿದ ಟೈರು ಖಂಡಿತ ಬೇಡ. ರಬ್ಬರು ಏರಿಸಿದ ಹಳೆಯ ಟೈರುಗಳ ವಿಷಯದಲ್ಲಿಯೂ ಎಚ್ಚರ ಬೇಕು.

ಈಗ ಅಳೆಯುವ ವಿಷಯಕ್ಕೆ ಬರುತ್ತೇನೆ. ಪಟ್ಟಣದ ಟೈರಿನ ಅಂಗಡಿಯಲ್ಲಿ ಇದಕ್ಕೆ ವಿದ್ಯುತ್ ಯಂತ್ರವಿದೆ. ಗಾಲಿಯನ್ನು ತಿರುಗಿಸಿ ಎಲ್ಲಿ ಎಷ್ಟು ಗ್ರಾಂ ಹಾಕಬೇಕೆಂದು ತೋರಿಸುತ್ತದೆ. ಅದು ಒಳ್ಳೆಯದೇ. ಆದರೆ ಹಂಗಾಮಿನ ನಡುವೆ ಗಾಡಿ ಬಿಟ್ಟು ಹೋಗುವುದು ಎಲ್ಲರಿಗೂ ಆಗದು. ಹಳ್ಳಿಯಲ್ಲಿಯೇ ನಾಲ್ಕೈದು ಮನೆಯವರು ಕೂಡಿ ಮಾಡಿಸಿಕೊಳ್ಳಬಹುದಾದ ಸಾಧನ ಒಂದಿದೆ.

ಗುಜರಿಯಲ್ಲಿ ಹಳೆಯ ಜೀಪಿನ ಮುಂದಿನ ಗಾಲಿಯ ಹಬ್ಬು ಅದರ ಅಚ್ಚಿನ ತುಂಡಿನೊಡನೆ ಸಿಗುತ್ತದೆ. ನಿಮ್ಮ ಗಾಡಿಯ ಗಾಲಿಯ ತೂತುಗಳಿಗೆ ಹೊಂದುವಂಥದನ್ನು ಆರಿಸಿರಿ. ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದ ಮೂರು ಕಾಲಿನ ನಿಲುವಿಗೆ ಅದನ್ನು ಅಡ್ಡವಾಗಿ ಬಿಗಿಸಿರಿ, ಗಾಲಿ ನೆಲದಿಂದ ಒಂದು ಗೇಣು ಮೇಲಿರುವಂತೆ. ಬೇರಿಂಗುಗಳನ್ನು ಡೀಸೆಲಿನಲ್ಲಿ ತೊಳೆದು, ಗ್ರೀಸು ಪೂರ್ತಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ನಾಲ್ಕು ಹನಿ ಬಿಡಿರಿ. ಎಣ್ಣೆ ತಡೆಯುವ ರಬ್ಬರ್ ಸೀಲನ್ನು ತೆಗೆದುಬಿಡಿರಿ, ಅದು ಹಿಡಿಯುತ್ತದೆ. ಬೇರಿಂಗಿನ ನಟ್ಟು ಸಡಿಲಾಗಿಯೂ ಇರಬಾರದು, ಬಿಗಿಯಾಗಿಯೂ ಇರಬಾರದು. ಇಷ್ಟಾದರೆ ನಿಲುವು ಸಿದ್ಧ. ಇಬ್ಬರು ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯಬಹುದು. ಗಾಡಿಯಲ್ಲಿಯೇ ಗಾಲಿ ಎತ್ತಿ ನೋಡಬಾರದೇ ಎಂದರೆ, ನೋಡಬಹುದು. ಆದರೆ ಗ್ರೀಸು, ಬ್ರೇಕು ಇವೆಲ್ಲ ಗಾಲಿಯನ್ನು ಹಿಡಿದು, ಸಣ್ಣ ವ್ಯತ್ಯಾಸವನ್ನು ಮುಚ್ಚಿಬಿಡುತ್ತವೆ. ಹಿಂದಿನ ಗಾಲಿಗಂತೂ ಗೇರಿನ ಭಾರವೇ ಹೆಚ್ಚು.

ಕೆರೆದು ತೊಳೆದ ಗಾಲಿಯನ್ನು ನಿಲುವಿಗೆ ಹಾಕಿ ಮೆಲ್ಲಗೆ ತಿರುಗಿಸಿ ಬಿಡಿರಿ. ಭಾರವಾದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಎಷ್ಟು ಭಾರ ಎಂಬುದು ಇದರಿಂದ ತಿಳಿಯದು, ಬೇರಿಂಗು ಸ್ವಲ್ಪ ಹಿಡಿದರೂ ಗಾಲಿ ಎಲ್ಲೆಂದರಲ್ಲಿ ನಿಂತು ಮೋಸ ಮಾಡುತ್ತದೆ. ಆ ಹಿಡಿತವನ್ನೂ ಲೆಕ್ಕದಿಂದ ಕಳೆಯುವ ಬಗೆ ಹೀಗಿದೆ.

ಟೈರಿನ ಮೇಲೆ ಸೀಮೆಸುಣ್ಣದಿಂದ ಸಮ ಅಂತರದಲ್ಲಿ ಎಂಟು ಗುರುತು ಹಾಕಿ 1ರಿಂದ 8ರವರೆಗೆ ಅಂಕಿ ಬರೆಯಿರಿ. ಒಂದು ಸಣ್ಣ ಬಟ್ಟೆಯ ಚೀಲಕ್ಕೆ ದಾರ ಕಟ್ಟಿರಿ. ಒಂದನೆಯ ಗುರುತನ್ನು ನಿಮ್ಮ ಬಲಗಡೆಗೆ, ಅಚ್ಚಿನ ಮಟ್ಟಕ್ಕೆ ಸರಿಯಾಗಿ ತಂದು ನಿಲ್ಲಿಸಿ, ಅದರ ನೇರಕ್ಕೆ ರಿಮ್ಮಿನ ಅಂಚಿನಲ್ಲಿ ದಾರವನ್ನು ಟೇಪಿನಿಂದ ಅಂಟಿಸಿ ಚೀಲ ತೂಗಬಿಡಿರಿ. ಈಗ ಚೀಲದೊಳಗೆ ಒಣ ಉಸುಕನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಹೋಗಿರಿ. ಗಾಲಿ ಕದಲಿ ಕೆಳಗಿಳಿಯಲು ಶುರುಮಾಡಿದ ಕೂಡಲೇ ನಿಲ್ಲಿಸಿ, ಚೀಲವನ್ನು ತೂಗಿ ಗ್ರಾಮಿನಲ್ಲಿ ಬರೆದುಕೊಳ್ಳಿರಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾ ಸಾಕು. ಆಮೇಲೆ ಎರಡನೆಯ ಗುರುತು, ಮೂರನೆಯದು, ಹೀಗೆ ಎಂಟನ್ನೂ ಮಾಡಿರಿ. ಪ್ರತಿ ಸಲವೂ ಚೀಲ ಬಲಗಡೆಗೇ ಇರಬೇಕು. ಖಾಲಿ ಚೀಲವಿರುವಾಗಲೇ ಗಾಲಿ ತಾನಾಗಿ ತಿರುಗಿ ಓಡುತ್ತಿದ್ದರೆ ವ್ಯತ್ಯಾಸ ಬಹಳವಿದೆ ಎಂದರ್ಥ. ಆಗ ಮೇಲೆ ಬಂದು ನಿಂತ ಹಗುರಾದ ಕಡೆಗೆ ಒಂದಿಷ್ಟು ತೂಕ ಅಂಟಿಸಿಕೊಂಡು ಮೊದಲಿನಿಂದ ಅಳೆಯಿರಿ.

ಉದಾಹರಣೆಗೆ ಎಂಟು ಗುರುತುಗಳಿಗೆ ಕ್ರಮವಾಗಿ 80, 95, 130, 165, 180, 165, 130, 95 ಗ್ರಾಂ ಬಂತೆನ್ನಿ. ಎಲ್ಲಕ್ಕಿಂತ ಹೆಚ್ಚು ಉಸುಕು ಬೇಡಿದ್ದು 5ನೆಯ ಗುರುತು, ಆದುದರಿಂದ ಗಾಲಿಯ ಹಗುರಾದ ಕಡೆ ಅದೇ. ಎಲ್ಲಕ್ಕಿಂತ ಕಡಿಮೆ ಬೇಡಿದ್ದು 1ನೆಯದು, ಅದು ಭಾರದ ಕಡೆ. ಹೆಚ್ಚಿನದರಲ್ಲಿ ಕಡಿಮೆಯದನ್ನು ಕಳೆದು ಅರ್ಧ ಮಾಡಿರಿ: 180ರಲ್ಲಿ 80 ಕಳೆದರೆ 100, ಅದರ ಅರ್ಧ 50. 5ನೆಯ ಗುರುತಿನ ಬಳಿ ರಿಮ್ಮಿಗೆ 50 ಗ್ರಾಂ ತೂಕ ಹಾಕಿದರೆ ಗಾಲಿ ಸಮ. ಅರ್ಧ ಏಕೆಂದರೆ, ಹಗುರಾದ ಕಡೆ ಇಳಿಸುವಾಗ ಉಸುಕು ಬೇರಿಂಗಿನ ಹಿಡಿತವನ್ನೂ ಗೆಲ್ಲಬೇಕು, ಎದುರು ಕಡೆಯ ಭಾರವನ್ನೂ ಎತ್ತಬೇಕು. ಭಾರದ ಕಡೆ ಇಳಿಸುವಾಗ ಆ ಭಾರವೇ ಉಸುಕಿಗೆ ಸಹಾಯ ಮಾಡುತ್ತದೆ. ಒಂದೇ ಭಾರ ಒಮ್ಮೆ ವಿರುದ್ಧವಾಗಿ, ಒಮ್ಮೆ ಅನುಕೂಲವಾಗಿ, ಹೀಗೆ ಎರಡು ಸಲ ಲೆಕ್ಕಕ್ಕೆ ಬಂದಿದೆ.

ಅಳತೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಸುಲಭ ಉಪಾಯವಿದೆ. ಎದುರು ಬದುರಾದ ಗುರುತುಗಳ ಅಂಕಿ ಕೂಡಿಸಿರಿ. 1 ಮತ್ತು 5 ಕೂಡಿದರೆ 260. 2 ಮತ್ತು 6 ಕೂಡಿದರೂ 260. 3 ಮತ್ತು 7, 4 ಮತ್ತು 8 ಕೂಡ ಹಾಗೆಯೇ. ನಾಲ್ಕು ಜೋಡಿಗಳ ಮೊತ್ತ ಹತ್ತಿರ ಹತ್ತಿರ ಬಂದರೆ ಅಳತೆಯನ್ನು ನಂಬಬಹುದು. ಒಂದು ಜೋಡಿ 260, ಇನ್ನೊಂದು 340 ಬಂತೆಂದರೆ ಬೇರಿಂಗಿನಲ್ಲಿ ಕಸವಿದೆ ಇಲ್ಲವೆ ನಿಲುವು ಅಲುಗಾಡಿದೆ. ತೊಳೆದು, ಮತ್ತೆ ಅಳೆಯಿರಿ. ಈ ಕೆಲಸಕ್ಕೆ ಶಾಲೆಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿರಿ, ಲೆಕ್ಕ ಅವರೇ ಬರೆಯಲಿ.

ತೂಕ ಹಾಕುವಾಗ 50 ಗ್ರಾಮನ್ನು ಒಂದೇ ಕಡೆ ಹಾಕದೆ 25 ಗ್ರಾಂ ರಿಮ್ಮಿನ ಹೊರಮಗ್ಗುಲಿಗೆ, 25 ಗ್ರಾಂ ಅದರ ನೇರಕ್ಕೇ ಒಳಮಗ್ಗುಲಿಗೆ ಹಾಕಿರಿ. ಎಲ್ಲವನ್ನೂ ಹೊರಗೇ ಹಾಕಿದರೆ ಗಾಲಿ ಮೇಲೆ ಕೆಳಗೆ ಕುಣಿಯುವುದು ನಿಂತು ಎಡಕ್ಕೆ ಬಲಕ್ಕೆ ತೊನೆಯಲು ಶುರುವಾಗಬಹುದು. ಹಾಕಿದ ಮೇಲೆ ಎಂಟೂ ಗುರುತನ್ನು ಇನ್ನೊಮ್ಮೆ ಅಳೆಯಿರಿ. ಎಲ್ಲ ಹೆಚ್ಚು ಕಡಿಮೆ 130ರ ಸುತ್ತ ಬರಬೇಕು. ಐದು ಹತ್ತು ಗ್ರಾಮಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿರಿ.

ಈ ನಿಲುವಿಗೆ ಒಂದು ಮಿತಿಯೂ ಇದೆ. ಗಾಲಿಯ ಒಳಮಗ್ಗುಲಲ್ಲಿ ಒಂದು ಕಡೆ ಭಾರ, ಹೊರಮಗ್ಗುಲಲ್ಲಿ ಅದರ ಎದುರು ಕಡೆ ಅಷ್ಟೇ ಭಾರ ಇದ್ದರೆ ನಿಂತ ಗಾಲಿ ಸಮವಾಗಿಯೇ ತೋರುತ್ತದೆ, ಓಡುವಾಗ ಮಾತ್ರ ತೊನೆಯುತ್ತದೆ. ಇದನ್ನು ತಿರುಗಿಸಿ ನೋಡುವ ಯಂತ್ರವೇ ಹಿಡಿಯಬಲ್ಲದು. ಆದುದರಿಂದ ನಿಲುವಿನ ಮೇಲೆ ಸರಿಯಾದ ಗಾಲಿ ಹೆದ್ದಾರಿಯಲ್ಲಿ ಇನ್ನೂ ನಡುಗಿದರೆ ಟೈರಿನ ಅಂಗಡಿಗೆ ಹೋಗತಕ್ಕದ್ದು.

ಈಗ ಕಬ್ಬಿನ ಟ್ರೇಲರಿನ ಮಾತು. ಇಲ್ಲಿ ನನ್ನ ಅಭಿಪ್ರಾಯ ನಿಮಗೆ ಆಶ್ಚರ್ಯವಾಗಬಹುದು: ಟ್ರೇಲರಿನ ಗಾಲಿಗೆ ತೂಕ ಹಾಕಿಸಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿರಿ. ಟ್ರೇಲರಿನ ರಿಮ್ಮಿನಲ್ಲಿ ಎರಡು ಕಿಲೋ ಮಣ್ಣು ಒಂದೇ ಕಡೆ ಕೂತಿದ್ದರೂ 20 ಕಿಲೋಮೀಟರ್ ವೇಗದಲ್ಲಿ ಅದು ಜಗ್ಗುವುದು ಸುಮಾರು ಏಳು ಕಿಲೋ ಬಲದಿಂದ. ಆ ಗಾಲಿಯ ಮೇಲೆ ಕಬ್ಬಿನ ಭಾರ ಟನ್ನುಗಟ್ಟಲೆ ಕೂತಿದೆ. ಏಳು ಕಿಲೋ ಅದಕ್ಕೆ ನೊಣ ಕೂತಂತೆ. ಖಾಲಿ ಟ್ರೇಲರು ಮರಳಿ ಬರುವಾಗ ಕುಣಿಯುತ್ತದಲ್ಲ ಎನ್ನುವಿರಿ. ಅದು ನಿಜ. ಆಗ ಭಾರವಿಲ್ಲ, ಪಾಟಾ ಗಟ್ಟಿ, ಡ್ರೈವರನಿಗೆ ಇನ್ನೊಂದು ಖೇಪು ಹೊಡೆಯುವ ಅವಸರ. ಅದಕ್ಕೆ ಔಷಧ ಮಣ್ಣು ಕೆರೆಯುವುದು ಮತ್ತು ವೇಗ ತಗ್ಗಿಸುವುದು.

ಟ್ರೇಲರಿನ ಗಾಲಿ ತೊನೆಯುತ್ತಿದ್ದರೆ ಅದು ಹೇಳುವ ಕಥೆ ಬೇರೆ. ಬೇರಿಂಗು ಸವೆದಿದೆ, ನಟ್ಟು ಸಡಿಲಾಗಿದೆ, ರಿಮ್ಮು ಬಾಗಿದೆ ಅಥವಾ ಟೈರು ರಿಮ್ಮಿನ ಮೇಲೆ ಸರಿಯಾಗಿ ಕೂತಿಲ್ಲ. ಇದನ್ನು ಅಳೆಯಲು ನಿಲುವೂ ಬೇಡ. ಖಾಲಿ ಟ್ರೇಲರಿನ ಒಂದು ಗಾಲಿ ಎತ್ತಿರಿ. ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿರಿ. ಗಟಗಟ ಎಂದರೆ ಬೇರಿಂಗಿನ ಕೆಲಸ ಮೊದಲು. ಆಮೇಲೆ ಒಂದು ಇಟ್ಟಿಗೆಯ ಮೇಲೆ ಕಬ್ಬಿಣದ ಮೊಳೆಯನ್ನು ಅಡ್ಡಲಾಗಿ ಇಟ್ಟು, ಅದರ ತುದಿ ರಿಮ್ಮಿನ ಅಂಚಿಗೆ ತಾಗುವಷ್ಟು ಹತ್ತಿರ ಸರಿಸಿ, ಮೇಲೊಂದು ಕಲ್ಲು ಹೇರಿ, ಗಾಲಿಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿರಿ. ಮೊಳೆಗೂ ರಿಮ್ಮಿಗೂ ನಡುವಿನ ಸಂದು ಎಲ್ಲಿ ಹಿಗ್ಗುತ್ತದೆ, ಎಲ್ಲಿ ತಾಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ರಿಮ್ಮು ನೇರವಿದ್ದು ಟೈರು ಮಾತ್ರ ಓಲಾಡಿದರೆ, ಟೈರಿನ ಮಗ್ಗುಲಲ್ಲಿ ರಿಮ್ಮಿನ ಗುಂಟ ಇರುವ ಸಣ್ಣ ಏಣನ್ನು ನೋಡಿರಿ. ಅದು ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಮುಳುಗಿದ್ದರೆ ಟೈರು ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಮತ್ತೆ ಕೂರಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಗಾಲಿ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ ಎದುರು ಬದುರಾಗಿ ಬಿಗಿಯಿರಿ, ಮೊದಲನೆಯ ಭರ್ತಿ ಖೇಪಿನ ನಂತರ ಇನ್ನೊಮ್ಮೆ ಬಿಗಿಯಿರಿ. ಎಷ್ಟು ಬಿಗಿದರೂ ಭಾರ ಬಿದ್ದ ಮೇಲೆ ಗಾಲಿ ಕೂತು ನಟ್ಟು ಸಡಿಲಾಗುತ್ತದೆ. ಕಾಟಾದ ಸಾಲಿನಲ್ಲಿ ಗಾಡಿ ನಿಂತಾಗ ಇಳಿದು ನಾಲ್ಕೂ ಹಬ್ಬಿನ ಮೇಲೆ ಕೈಯ ಹಿಂಬದಿ ಇಟ್ಟು ನೋಡಿರಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಆ ಬೇರಿಂಗು ಇವತ್ತಲ್ಲ ನಾಳೆ ಹೋಗುತ್ತದೆ. ಕಾಟಾದ ಸಾಲಿನಲ್ಲಿ ಬೀಡಿ ಸೇದುವ ವೇಳೆಯಲ್ಲಿಯೇ ಈ ಕೆಲಸ ಆಗುತ್ತದೆ.

ಟೈರಿನ ಎತ್ತಿನ ಗಾಡಿಗೆ ಗಾಲಿಯ ಸಮತೋಲದ ಪ್ರಶ್ನೆಯೇ ಇಲ್ಲ, ಎತ್ತು ನಡೆಯುವ ವೇಗದಲ್ಲಿ ಅದು ಸೊನ್ನೆ. ಅಲ್ಲಿ ಬೇಕಾದದ್ದು ಅಚ್ಚಿನ ಮುಂದೆ ಹಿಂದೆ ಹೇರಿನ ಸಮತೋಲ. ಹೇರು ಮುಂದಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳಿಗೆ ಜತ್ತಿಗೆ ಬಿಗಿಯುತ್ತದೆ. ದೂರದಿಂದ ಬಂದ ಟೋಳಿಯವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ, ಅವರು ನಮಗೆ ಕಲಿಸಿಯಾರು.

ಸಭೆಯಲ್ಲಿ ಸದಸ್ಯರು ಕೇಳಿದ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿಸುತ್ತೇನೆ.

ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ನೀರು ತುಂಬಿಸುತ್ತೇವೆ, ಅದರಿಂದ ಅಸಮ ಭಾರ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ನೀರು ಮಣ್ಣಿನಂತೆ ಒಂದೇ ಕಡೆ ಅಂಟಿಕೊಂಡಿರುವುದಿಲ್ಲ, ಗಾಲಿ ತಿರುಗಿದರೂ ಅದು ಕೆಳಗೇ ನಿಲ್ಲುತ್ತದೆ. ಹೊಲದ ವೇಗದಲ್ಲಿ ಚಿಂತೆಯಿಲ್ಲ.

ಗಾಡಿಯನ್ನು ಜಾಕಿನ ಮೇಲೆತ್ತಿ, ಎಂಜಿನ್ ಚಾಲೂ ಮಾಡಿ, ಹಿಂದಿನ ಗಾಲಿಯನ್ನು ಜೋರು ತಿರುಗಿಸಿ ನೋಡಬಹುದೇ ಎಂದು ಇನ್ನೊಬ್ಬರು. ಬೇಡ. ಒಂದು ಗಾಲಿ ನೆಲದ ಮೇಲಿದ್ದು ಇನ್ನೊಂದು ಮಾತ್ರ ಮೇಲಿದ್ದರೆ ಮೇಲಿನದು ಮೀಟರಿನಲ್ಲಿ ತೋರಿಸುವುದಕ್ಕಿಂತ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಮೀಟರು ನಲವತ್ತು ಎಂದರೆ ಗಾಲಿ ಎಂಬತ್ತರಲ್ಲಿದೆ. ಜಾಕು ಜಾರಿದರೆ ಗಾಡಿ ಅಂಗಳ ದಾಟಿ ಹೋಗುತ್ತದೆ. ಸುಮ್ಮನೆ ಗಾಲಿ ಎತ್ತುವಾಗಲೂ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಅಚ್ಚಿನ ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟೇ ಕೈ ಹಾಕತಕ್ಕದ್ದು.

ಹಳೆಯ ಬ್ಯಾಟರಿಯ ಸೀಸವನ್ನು ಕರಗಿಸಿ ತೂಕ ಮಾಡಿಕೊಳ್ಳಬಹುದೇ ಎಂಬುದು ಮೂರನೆಯ ಪ್ರಶ್ನೆ. ಮಾಡಬೇಡಿರಿ. ಸೀಸದ ಹೊಗೆಯೂ ಪುಡಿಯೂ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಯುರೋಪಿನ ದೇಶಗಳಲ್ಲಿ 2005ರಿಂದ ಕಾರುಗಳ ಗಾಲಿಗೆ ಸೀಸದ ತೂಕ ಹಾಕುವುದನ್ನೇ ನಿಲ್ಲಿಸಿದ್ದಾರೆ. ಟೈರಿನ ಅಂಗಡಿಯಲ್ಲಿ ಕಬ್ಬಿಣದ ಮತ್ತು ಸತುವಿನ ತೂಕಗಳು ಐದು, ಹತ್ತು ಗ್ರಾಮಿನಿಂದ ಸಿಗುತ್ತವೆ. ಅಂಟಿಸುವ ಪಟ್ಟಿಯೂ ಇದೆ, ರಿಮ್ಮಿನ ಅಂಚಿಗೆ ಸಿಕ್ಕಿಸುವ ಬಿಲ್ಲೆಯೂ ಇದೆ. ಕಬ್ಬಿಣದ ರಿಮ್ಮಿಗೆ ಸಿಕ್ಕಿಸುವುದನ್ನೇ ಕೊಳ್ಳಿರಿ. ಅಂಟಿಸುವುದು ನಮ್ಮ ಕೆಸರಿಗೆ ಬಾಳುವುದಿಲ್ಲ.